ಬಾಡಿನ ವಾದದಲ್ಲಿ ಪ್ರಾಣಿ ಎಲ್ಲಿ?

ಪಶುವೈದ್ಯ ಅಂತ ಗೊತ್ತಾದರೆ ಸಾಕು, ಮದುವೆ ಊಟದಲ್ಲೋ ಬಸ್ಸಿನಲ್ಲೋ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಡಾಕ್ಟ್ರೇ, ನೀವು ಬಾಡು ತಿಂತೀರಾ?’ ನಮ್ಮಲ್ಲಿ ಈ ಪ್ರಶ್ನೆಯ ಹಿಂದೆ ಪ್ರಾಣಿಗಿಂತ ಜಾಸ್ತಿ ಜಾತಿ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗಲಾಟೆ ಆಯಿತು! ನಾನು ಕೇಳಿದ ವಾದಗಳಲ್ಲಿ ಮಠ ಇತ್ತು, ಮಕ್ಕಳ ಅಪೌಷ್ಟಿಕತೆ ಇತ್ತು. ಕೋಳಿ ಮಾತ್ರ ಇರಲಿಲ್ಲ.

ಹಾಗಾಗಿ ‘ಪ್ರಾಣಿಹಿಂಸೆ ಪಾಪ’ ಅನ್ನುವವರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಗೆ ಹಾಲು ಬರುವ ಕೊಟ್ಟಿಗೆಯಲ್ಲಿ ಹುಟ್ಟಿದ ಗಂಡು ಕರು ಎಲ್ಲಿ ಹೋಯಿತು?

ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹುಟ್ಟುವುದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಉಳುಮೆಗೆ ಹೆಸರಾದ ನಾಟಿ ತಳಿ ಹಳ್ಳಿಕಾರ್ ಹೋರಿಗರುವಾದರೆ ಜಾತ್ರೆಯಲ್ಲಿ ಬೆಲೆ ಇದೆ. ಹೆಚ್ಚು ಹಾಲಿಗಾಗಿ ಸಾಕುವ ವಿದೇಶಿ ತಳಿ ಎಚ್‌ಎಫ್‌ನ (ಹೋಲ್‌ಸ್ಟೀನ್ ಫ್ರೀಸಿಯನ್) ಗಂಡು ಕರು ಬಿಸಿಲು ತಡೆಯುವುದಿಲ್ಲ, ನೊಗಕ್ಕೂ ಒಗ್ಗುವುದಿಲ್ಲ. ಅದು ಕುಡಿಯುವ ಒಂದೊಂದು ಲೀಟರೂ ಡೇರಿಗೆ ಹಾಕುವ ಹಾಲಿನಲ್ಲಿ ಖೋತಾ. ಅದಕ್ಕೆ ಭೇದಿ ಹತ್ತಿದರೆ ನಮಗೆ ಫೋನ್ ಬರುವುದು ತಡವಾಗಿ. ಹೋಗಿ ನೋಡಿದರೆ ಕಣ್ಣು ಗುಳಿ ಬಿದ್ದಿರುತ್ತದೆ, ಕಿವಿ ಮುಟ್ಟಿದರೆ ತಣ್ಣಗೆ. ರೈತನನ್ನು ಬೈದು ಏನು ಪ್ರಯೋಜನ? 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಪ್ರಕಾರ ರಾಜ್ಯದಲ್ಲಿ ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ. ಕೊನೆತನಕ ಮೇವು ಹಾಕುವ ಖರ್ಚು ಅವನದೇ. ಹೆಣ್ಣು ಕರುವೇ ಹುಟ್ಟುವಂತೆ ಕೃತಕ ಗರ್ಭಧಾರಣೆಗೆ ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಬಂದಿದೆ, ನೂರಕ್ಕೆ ಸುಮಾರು 90 ಹೆಣ್ಣೇ ಆಗುತ್ತವೆ. ನನ್ನ ಕೇಳಿದರೆ, ಹತ್ತು ಭಾಷಣಕ್ಕಿಂತ ಇದರಿಂದ ಆಗುವ ಉಪಕಾರ ಜಾಸ್ತಿ.

ತಿನ್ನುವವರನ್ನೂ ನಾನು ಸುಮ್ನೆ ಬಿಡುವುದಿಲ್ಲ. ‘ನಮ್ಮ ತಾತನೂ ತಿಂತಿದ್ದ’ ಅನ್ನುತ್ತಾರೆ. ತಾತ ಹಬ್ಬಕ್ಕೆ ಕುಯ್ಯುತ್ತಿದ್ದ ನಾಟಿ ಕೋಳಿ ತಿಂಗಳುಗಟ್ಟಲೆ ತಿಪ್ಪೆ ಕೆದಕಿಕೊಂಡು ಬದುಕಿತ್ತು. ಇಂದಿನ ಬ್ರಾಯ್ಲರ್ ಸುಮಾರು 40 ದಿನಕ್ಕೇ ಎರಡು ಕೆಜಿ ತೂಗುತ್ತದೆ. ಮೈ ಬೆಳೆದಷ್ಟು ಬೇಗ ಕಾಲು ಬಲಿಯುವುದಿಲ್ಲ, ಕೆಲವು ಎದ್ದು ನೀರಿನ ಹತ್ತಿರ ಹೋಗಲೂ ಆಗದೆ ಕೂತುಬಿಡುತ್ತವೆ. ಮೊಟ್ಟೆಯ ತಳಿಯಲ್ಲಿ ಹುಟ್ಟುವ ಹುಂಜದ ಮರಿಗಳನ್ನು ಮೊದಲ ದಿನವೇ ಕೊಲ್ಲುವುದು ಆ ಉದ್ಯಮದ ಮಾಮೂಲಿ ಪದ್ಧತಿ. ಪಾವಗಡದ ಕಡೆ ಬೇರೇನೂ ಬೆಳೆಯದ ಗುಡ್ಡದಲ್ಲಿ ಮೇಯುವ ಕುರಿಯನ್ನೂ ಈ ಕೋಳಿಯನ್ನೂ ‘ಮಾಂಸ’ ಅಂತ ಒಂದೇ ತಕ್ಕಡಿಗೆ ಹಾಕಲು ನಾನಂತೂ ಒಪ್ಪುವುದಿಲ್ಲ.

ಇಷ್ಟು ಹೇಳಿದ ಮೇಲೂ ಯಾರೂ ತಟ್ಟೆ ಬದಲಿಸುವುದಿಲ್ಲ, ಬಿಡಿ. ಆದರೆ ಕಾಲು ಕಟ್ಟಿ ಬೈಕಿಗೆ ತಲೆಕೆಳಗಾಗಿ ನೇತುಹಾಕಿದ ಕೋಳಿಗಳ ಮಾತು ಬಂದರೆ ಎರಡೂ ಕಡೆಯವರು ‘ಅದು ತಪ್ಪು ಕಣ್ರೀ’ ಅನ್ನುತ್ತಾರೆ. ಪ್ರಾಣಿಗೆ ಸುಮ್ಮನೆ ನೋವು ಕೊಟ್ಟು ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ನಾನು ಮಾತು ಶುರು ಮಾಡುವುದು ಈಗ ಅಲ್ಲಿಂದಲೇ.