ಸಕ್ಕರೆ ಬಿಟ್ಟರೆ ಲಿವರ್ ಗಡ್ಡೆ ಸಾಯುತ್ತದೆಯೇ?

ತೀರ್ಥಹಳ್ಳಿಯ ನಮ್ಮ ಚಿಕ್ಕಪ್ಪನಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದದ್ದೇ ತಡ, ಮನೆಯಲ್ಲಿ ಬೆಲ್ಲ, ಬಾಳೆಹಣ್ಣು, ಕೊನೆಗೆ ಅನ್ನವೂ ಬಂದ್. ‘ಸಕ್ಕರೆ ಸಿಗದಿದ್ರೆ ಗಡ್ಡೆ ಸಾಯ್ತದೆ ಮಾರಾಯ’ ಎಂದು ಯಾರೋ ಹೇಳಿದ್ದರಂತೆ. ಮೊದಲೇ ಸೊರಗಿದ ಮನುಷ್ಯ. ಅವರನ್ನು ಉಪವಾಸ ಕೆಡವಿದ್ದು ನೋಡಿ ನನಗೆ ಸಂಕಟವಾಯಿತು.

ಮೇಲಿನ ಕೆರೆ ಕೋಡಿ ಬಿದ್ದಾಗ ಕೆಳಗಿನ ಕೆರೆಗೆ ನೀರು ಬರುತ್ತದಲ್ವಾ? ಆರೋಗ್ಯವಂತ ಲಿವರ್ ಹಾಗೆಯೇ. ಅದರ ಕೋಡಿ ಗ್ಲುಕೋಕೈನೇಸ್ ಎಂಬ ಕಿಣ್ವ. 100 ಮಿಲಿಲೀಟರ್ ರಕ್ತದಲ್ಲಿ ಗ್ಲೂಕೋಸ್ ಸುಮಾರು 140-150 ಮಿಲಿಗ್ರಾಂ ಮುಟ್ಟಿದಾಗಷ್ಟೇ ಅದು ಅರ್ಧ ವೇಗಕ್ಕೆ ಬರುತ್ತದೆ. ಊಟದ ನಂತರ ಹೆಚ್ಚಾದದ್ದನ್ನು ಒಳಗೆ ತುಂಬಿಕೊಳ್ಳುತ್ತದೆ. ರಾತ್ರಿ ಹಸಿದಾಗ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ತೂಬು ತೆರೆದು ರಕ್ತಕ್ಕೆ ಬಿಡುತ್ತದೆ. ಮಾಂಸಖಂಡದಲ್ಲಿ ಈ ತೂಬು ಇಲ್ಲ. ಅಲ್ಲಿಗೆ ಹೋದ ಗ್ಲೂಕೋಸ್ ಅಲ್ಲೇ ಖರ್ಚು.

ಅನೇಕ ಲಿವರ್ ಗಡ್ಡೆಗಳಲ್ಲಿ ಗ್ಲುಕೋಕೈನೇಸ್ ಕುಗ್ಗಿ ಅದೇ ಕೆಲಸದ ಇನ್ನೊಂದು ಕಿಣ್ವ ಹೆಕ್ಸೊಕೈನೇಸ್-2 ಮೇಲೇಳುತ್ತದೆ. ಇದು ಕೋಡಿಯಲ್ಲ, ಬಾವಿಯ ತಳಕ್ಕೆ ಫುಟ್‌ವಾಲ್ವ್ ಇಳಿಸಿದ ಪಂಪ್. 5 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಅರ್ಧ ವೇಗ! ಬೆಳಗಿನ ಖಾಲಿ ಹೊಟ್ಟೆಯಲ್ಲೂ ನಮ್ಮ ರಕ್ತದಲ್ಲಿ 70-100 ಇರುತ್ತದೆ. 50ಕ್ಕೆ ಇಳಿದರೆ ಮನುಷ್ಯ ಬೆವರಿ ನಡುಗುತ್ತಾನೆ, ಪಂಪ್‌ಗೆ ಏನೂ ಆಗುವುದಿಲ್ಲ. ಇನ್ನು ಅನ್ನ ನಿಲ್ಲಿಸಿದರೆ ಲಿವರ್‌ನ ಚೆನ್ನಾಗಿರುವ ಭಾಗ ಸುಮ್ನೆ ಕೂರುತ್ತದೆಯೇ? ಮಾಂಸಖಂಡದ ಪ್ರೋಟೀನ್ ಕರಗಿ ಬಂದದ್ದರಿಂದಲೇ ಗ್ಲೂಕೋಸ್ ಮಾಡುತ್ತದೆ. ಚಿಕ್ಕಪ್ಪನ ತೋಳು ಸಣ್ಣಗಾಗಿದ್ದು ಹೀಗೆ. ಸಕ್ಕರೆ ಕಾಯಿಲೆ ಇದ್ದವರ ಪಥ್ಯ ಬೇರೆ ವಿಷಯ.

ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತದೆ ಎಂಬ ಮಾತಿಗೆ ಜನ ಜರ್ಮನಿಯ ವಿಜ್ಞಾನಿ ಓಟೊ ವಾರ್ಬರ್ಗ್ ಹೆಸರು ಎಳೆದು ತರುತ್ತಾರೆ. 1920ರ ದಶಕದಲ್ಲಿ ಇಲಿಯ ಗಡ್ಡೆಗಳು ಆಮ್ಲಜನಕ ಇದ್ದಾಗಲೂ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲ ಮಾಡುವುದನ್ನು ಅವರು ಕಂಡರು. ದೊಡ್ಡ ಕೆಲಸ. ಆದರೆ 1931ರ ನೊಬೆಲ್ ಸಿಕ್ಕಿದ್ದು ಉಸಿರಾಟದ ಕಿಣ್ವಕ್ಕೆ. ಜೀವಕೋಶದ ಉಸಿರಾಟ ಕೆಟ್ಟದ್ದೇ ಕ್ಯಾನ್ಸರಿನ ಮೂಲ ಎಂಬ ಅವರ ವಾದ ನಿಲ್ಲಲಿಲ್ಲ.

ಚಿಕ್ಕಪ್ಪನ ಪೆಟ್ ಸ್ಕ್ಯಾನ್ ಬಂತು. ಗಡ್ಡೆ ಹೊಳೆಯಲೇ ಇಲ್ಲ. ಪಥ್ಯ ಫಲಿಸಿತೆಂದು ಮನೆಯವರೆಲ್ಲ ಕುಣಿದರು. ಆ ಸ್ಕ್ಯಾನ್‌ಗೆ ಕೊಡುವುದು ವಿಕಿರಣ ಸೂಸುವ ಗ್ಲೂಕೋಸಿನಂಥ ವಸ್ತು. ಅದು ಕೋಶದೊಳಗೆ ಸಿಕ್ಕಿಕೊಂಡರೆ ಮಾತ್ರ ಹೊಳಪು. ಗಡ್ಡೆಯ ರೂಪ ಕೆಟ್ಟಷ್ಟೂ ತೂಬು ಜಾಸ್ತಿ ಮುಚ್ಚಿರುತ್ತದೆ. ಇನ್ನೂ ಲಿವರನ್ನೇ ಹೋಲುವ ಗಡ್ಡೆಯಲ್ಲಿ ಹಳೆಯ ತೂಬು ತೆರೆದೇ ಇರುತ್ತದೆ, ಒಳಗೆ ಹೋದದ್ದು ಸೋರಿಹೋಗುತ್ತದೆ.

ಸಿ.ಟಿ.ಯಲ್ಲಿ ಗಡ್ಡೆ ಅಲ್ಲೇ ಇತ್ತು, ಮೊದಲಿನಷ್ಟೇ ದೊಡ್ಡದಾಗಿ. ಅಂದು ರಾತ್ರಿ ಚಿಕ್ಕಮ್ಮ ಕುಚ್ಚಲಕ್ಕಿ ಗಂಜಿ ಮಾಡಿದರು.