ಡಕೋಟಾ ಎಂದರೆ ಅಜ್ಜನಿಗೆ ಸಿಟ್ಟು

ಕೊಡಗಿನ ಮಾಂದಲಪಟ್ಟಿಯ ಏರಿನಲ್ಲಿ ನಮ್ಮ ಹಳೇ ಜೀಪು ಏದುಸಿರು ಬಿಡತೊಡಗಿತು. "ಥೂ, ಡಕೋಟಾ ಗಾಡಿ" ಎಂದೆ. ಹಿಂದಿನ ಸೀಟಿನಿಂದ ಅಜ್ಜ ಗದರಿದರು: "ಡಕೋಟಾ ಅಂದ್ರೆ ಏನೂಂತ ಗೊತ್ತುಂಟಾ ನಿಂಗೆ?"

ಅಜ್ಜ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ನಾವು ಲಟಾರಿ ಬಸ್ಸಿಗೆ ಅಂಟಿಸುವ ಈ ಹೆಸರು ಒಂದು ಸರಕು ವಿಮಾನದ್ದು. ಡಗ್ಲಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಅದರ ಸೇನಾ ರೂಪ ಸಿ-47. ಬ್ರಿಟಿಷರು ಅದನ್ನು ಡಕೋಟಾ ಎಂದು ಕರೆದರು. ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು.

ಅಜ್ಜನ ನೆನಪೆಲ್ಲ ಬೆಳಗಿನ ಹೊತ್ತಿನದು. ಸ್ಟಾರ್ಟ್ ಮಾಡುವ ಮೊದಲು ಇಬ್ಬರು ನಿಂತು ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಬೇಕಿತ್ತು, ಅಲಗು ಎಣಿಸುತ್ತಾ. ಕಾರಣವಿದೆ. ಆ ಎಂಜಿನ್ನಿನ 14 ಸಿಲಿಂಡರುಗಳು ಏಳೇಳರ ಎರಡು ಸಾಲಾಗಿ ಹೂವಿನ ಎಸಳಿನಂತೆ ಸುತ್ತ ಕೂತಿರುತ್ತವೆ. ರಾತ್ರಿಯಿಡೀ ಎಣ್ಣೆ ಜಿನುಗಿ ಕೆಳಗಿನ ಸಿಲಿಂಡರುಗಳಿಗೆ ಇಳಿಯುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗೀತು, ಎಣ್ಣೆ ಕುಗ್ಗುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ನು ಎಣ್ಣೆಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೈಯಲ್ಲಿ ತಿರುಗಿಸುವಾಗ ಎಲ್ಲೋ ಬಿಗಿ ತಟ್ಟಿದರೆ ನಿಲ್ಲಿಸಿ, ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಸುರಿಸಬೇಕು. "ಬಲ ಹಾಕಿದವನು ಕೆಟ್ಟ" ಎನ್ನುತ್ತಿದ್ದರು ಅಜ್ಜ, ಗಾಳಿಯಲ್ಲೇ ಅಲಗು ಎಳೆದು ತೋರಿಸುತ್ತಾ.

ಕೊಡಗಿಗೂ ಡಕೋಟಾಕ್ಕೂ ಒಂದು ನಂಟುಂಟು. 1948ರ ಮೇ 24ರಂದು ಏರ್ ಕಮೋಡರ್ ಮೆಹರ್ ಸಿಂಗ್ ಡಕೋಟಾವನ್ನು ಮೊದಲ ಸಲ ಲೇಹ್‌ನಲ್ಲಿ ಇಳಿಸಿದಾಗ ಜೊತೆಗಿದ್ದವರು ಮಡಿಕೇರಿಯವರೇ ಆದ ಮೇಜರ್ ಜನರಲ್ ತಿಮ್ಮಯ್ಯ. ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಲೇಹ್‌ನಲ್ಲಿ ವಿಮಾನ ಇಳಿದದ್ದು ಎಂಜಿನಿಯರ್ ಸೋನಮ್ ನೋರ್ಬು ಸಿಂಧೂ ನದಿಯ ಬದಿಯಲ್ಲಿ ಅವಸರದಲ್ಲಿ ಮಾಡಿಸಿದ ರನ್‌ವೇಯಲ್ಲಿ.

ಸಮುದ್ರಮಟ್ಟದಿಂದ ಸುಮಾರು 11,000 ಅಡಿ ಎತ್ತರದ ಆ ಜಾಗದಲ್ಲಿ ಗಾಳಿ ಕರಾವಳಿಗಿಂತ ಹೆಚ್ಚುಕಡಿಮೆ ಶೇ 28ರಷ್ಟು ತೆಳು. ಎಂಜಿನ್ನಿಗಾದರೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇತ್ತು. ರೆಕ್ಕೆಗೆ ಅಂಥ ಉಪಾಯ ಇಲ್ಲ. ತೆಳು ಗಾಳಿಯಲ್ಲಿ ಅಷ್ಟೇ ಭಾರ ಹೊರಬೇಕಾದರೆ ಇನ್ನೂ ಜೋರಾಗಿ ಓಡಬೇಕು. ತಮಾಷೆಯೆಂದರೆ ವೇಗ ತೋರಿಸುವ ಮುಳ್ಳಿಗೆ ಇದು ಗೊತ್ತೇ ಆಗುವುದಿಲ್ಲ. ಅದು ಅಳೆಯುವುದು ವಿಮಾನದ ಹೊರಗೆ ಮುಂದಕ್ಕೆ ಬಾಯಿ ತೆರೆದಿರುವ ಪಿಟೋ ಕೊಳವೆಗೆ ಎದುರಿನಿಂದ ಬಂದು ಬಡಿಯುವ ಗಾಳಿಯ ಒತ್ತಡವನ್ನು. ಮುಳ್ಳು ಗಂಟೆಗೆ 150 ಕಿ.ಮೀ. ತೋರಿಸುತ್ತಿದೆ ಎಂದಿಟ್ಟುಕೊಳ್ಳಿ, ಗಾಳಿ ಸುಮ್ಮನಿದ್ದರೆ ಲೇಹ್‌ನಲ್ಲಿ ಚಕ್ರ ನೆಲ ಮುಟ್ಟುವ ವೇಗ ಸುಮಾರು 177. ಬ್ರೇಕುಗಳು ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಹತ್ತಿರ ಹತ್ತಿರ ಶೇ 40ರಷ್ಟು ಹೆಚ್ಚು. ಪೈಲಟ್ಟು ಮುಳ್ಳನ್ನು ನಂಬಬೇಕು. 'ಜಾಸ್ತಿ ಓಡ್ತಿದ್ದೇವೆ' ಎನ್ನುವ ತನ್ನ ಕಣ್ಣನ್ನು ನಂಬಿ ವೇಗ ಇಳಿಸಿದರೆ ರೆಕ್ಕೆ ಕೈಕೊಡುತ್ತದೆ.

ನಮ್ಮ ಜೀಪು ಏದುಸಿರು ಬಿಟ್ಟದ್ದಕ್ಕೂ ಗಾಳಿ ತೆಳುವಾದದ್ದು ಒಂದಿಷ್ಟು ಕಾರಣವೇ. ಉಳಿದದ್ದೆಲ್ಲ ಕ್ಲಚ್ ಪ್ಲೇಟಿನ ಪಾಲು. ಮೇಲೆ ತಲುಪಿದ ಮೇಲೆ ಅಜ್ಜ ಇಳಿದು ಬಾನೆಟ್ ಮೇಲೆ ಕೈಯಿಟ್ಟು ನೋಡಿದರು.

"ಇದು ಡಕೋಟಾ ಅಲ್ಲ ಮಾರಾಯ, ಬರೀ ಜೀಪು."