ಕಣ್ಣು ನೋಡಿ ಮಾತಾಡದಿದ್ದರೆ ಏನೀಗ?

ಆಟಿಸಂ (ಜನರ ಜೊತೆ ಬೆರೆಯುವ, ಸದ್ದು-ಬೆಳಕು ಅನುಭವಕ್ಕೆ ಬರುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಅಂದ ಕೂಡಲೇ ನಮ್ಮ ಹಾಸನದಲ್ಲಿ ಜನ ಮಕ್ಕಳ ಬಗ್ಗೆಯೇ ಯೋಚಿಸುತ್ತಾರೆ. ಆ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ ಅನ್ನೋದು ಯಾಕೋ ನೆನಪಾಗುವುದೇ ಇಲ್ಲ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಸ್ಕೂಲಿನಲ್ಲಿ ಕೆಲಸ ಮಾಡಿಕೊಂಡು, 'ಅವನೊಂಥರಾ ಮನುಷ್ಯ' ಅಂತ ಕೇಳಿಸಿಕೊಂಡೇ ಬದುಕುತ್ತಿರುವವರು ಇದ್ದಾರೆ. ಎಷ್ಟೋ ಜನಕ್ಕೆ ಕಾರಣ ಆಟಿಸಂ ಅಥವಾ ಎಡಿಎಚ್‌ಡಿ (ಗಮನ ಒಂದೇ ಕಡೆ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ ಸ್ಥಿತಿ) ಇರಬಹುದು ಅನ್ನೋದೇ ಗೊತ್ತಿಲ್ಲ.

ಮದುವೆ ಛತ್ರವನ್ನೇ ತಗೊಳ್ಳಿ. ಗಟ್ಟಿಮೇಳ, ವಿಡಿಯೋದವರ ಲೈಟು, ಮೈಮೇಲೆ ಬೀಳುವ ನೆಂಟರು. ನಮಗೆ ಸ್ವಲ್ಪ ಹೊತ್ತಿಗೆ ಇದೆಲ್ಲ ರೂಢಿಯಾಗುತ್ತದೆ, ಆಟಿಸಂ ಇರುವ ಅನೇಕರಿಗೆ ಆಗುವುದಿಲ್ಲ, ಪ್ರತಿ ಸದ್ದೂ ಮೊದಲ ಸಲ ಕೇಳಿದಷ್ಟೇ ಜೋರಾಗಿರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಹೀಗೆ ಸದ್ದು, ಬೆಳಕು, ಸ್ಪರ್ಶ ಅತಿಯಾಗಿ ತಾಗುವುದನ್ನು ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ಒಬ್ಬರಿಗೇ ಆಟಿಸಂ, ಎಡಿಎಚ್‌ಡಿ ಎರಡೂ ಇರಬಹುದು ಅಂತ ಅದು ಒಪ್ಪಿದ್ದೂ ಆಗಲೇ.

ಇಷ್ಟೆಲ್ಲ ತಡೆದುಕೊಂಡು ನಗುನಗುತ್ತಾ ನಿಲ್ಲುವುದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಇದು ಜಾಸ್ತಿಯಾದವರಲ್ಲಿ ಆತಂಕ, ಖಿನ್ನತೆಯೂ ಜಾಸ್ತಿ ಕಾಣುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದೂ ಆಟಿಸಂ ಇರುವ ಅನೇಕರಿಗೆ ಕಷ್ಟ. ಹಾಗಿರುವಾಗ 'ಕಣ್ಣು ನೋಡಿ ಮಾತಾಡು' ಅಂತ ಕಲಿಸುವ ಥೆರಪಿಯಿಂದ ಯಾರಿಗೆ ಅನುಕೂಲ? ಎದುರಿಗೆ ಕೂತವರಿಗೆ, ಅಲ್ವಾ?

ಎಡಿನ್‌ಬರೊ ವಿಶ್ವವಿದ್ಯಾಲಯದ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಜೊತೆಗಾರರು 2020ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬಾ ಇಷ್ಟ. ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಒಂದು ಕಥೆ ದಾಟಿಸಲು ಹೇಳಿದರು. ಎಲ್ಲರಿಗೂ ಆಟಿಸಂ ಇದ್ದ ಸಾಲಿನಲ್ಲಿ ಕಥೆ ಉಳಿದದ್ದೂ, ಯಾರಿಗೂ ಇಲ್ಲದ ಸಾಲಿನಲ್ಲಿ ಉಳಿದದ್ದೂ ಹೆಚ್ಚುಕಡಿಮೆ ಒಂದೇ. ಬೆರೆಸಿದ ಸಾಲಿನಲ್ಲಿ ಮಾತ್ರ ಜಾಸ್ತಿ ಸೋರಿಹೋಯಿತು. ಅಂದರೆ ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ ಇರಬಹುದು. ಸ್ವತಃ ಆಟಿಸಂ ಇರುವ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ ಇದನ್ನು 2012ರಲ್ಲೇ ಹೇಳಿದ್ದರು.

ಇದನ್ನು ಒಪ್ಪಿಕೊಂಡ ಥೆರಪಿಸ್ಟ್ ನಿಮ್ಮನ್ನು ರಿಪೇರಿ ಮಾಡಲು ಹೋಗುವುದಿಲ್ಲ. ಯಾವುದು ಸುಸ್ತು ಮಾಡುತ್ತದೆ ಅಂತ ಹುಡುಕುತ್ತಾರೆ. 'ಏನನ್ನಿಸ್ತಿದೆ?' ಅಂದರೆ ಕೆಲವರಿಗೆ ಉತ್ತರವೇ ಹೊಳೆಯುವುದಿಲ್ಲ, ಅಂಥವರಿಗೆ ಎದೆ ಬಿಗಿಯಾಗಿದೆಯಾ, ಹೊಟ್ಟೆ ಹಿಡಿದಂತಿದೆಯಾ ಅಂತ ಕೇಳುತ್ತಾರೆ, ಇಲ್ಲಾ ಬರೆದು ಕೊಡಿ ಅನ್ನುತ್ತಾರೆ. ಮಾತ್ರೆ ಬೇಡ ಅನ್ನುವ ವಾದ ಇದಲ್ಲ. ಎಡಿಎಚ್‌ಡಿ ಇರುವ ಅನೇಕರಿಗೆ ಮಾತ್ರೆಯಿಂದ ನಿಜಕ್ಕೂ ಉಪಯೋಗವಿದೆ.

ಮನೆಯವರು ಮಾಡಬಹುದಾದದ್ದು ಸಣ್ಣಪುಟ್ಟದ್ದೇ. ಹಾಸನಾಂಬೆ ದರ್ಶನಕ್ಕೆ ಹೊರಡುವುದಾದರೆ ಹಿಂದಿನ ದಿನವೇ ಹೇಳಿ, ಆ ಕ್ಯೂಗೆ ಬರಲ್ಲ ಅಂದರೆ ಸುಮ್ನೆ ಬಿಟ್ಟುಬಿಡಿ. ಫೋನ್ ಮಾಡುವ ಬದಲು ಮೆಸೇಜ್ ಹಾಕಿ. ಎಡಿಎಚ್‌ಡಿ ಇರುವವರು ಬಿಲ್ಲು ಕಟ್ಟುವಾಗ, ಫಾರಂ ತುಂಬುವಾಗ ಪಕ್ಕದಲ್ಲಿ ನಿಮ್ಮ ಕೆಲಸ ಮಾಡಿಕೊಂಡು ಕೂತಿರಿ, ಉಪದೇಶ ಬೇಡ. ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಕಲಿಕೆಯ ನ್ಯೂನತೆಯೂ ಇದೆ. ಅಂಗವೈಕಲ್ಯದ ಸರ್ಟಿಫಿಕೇಟ್ ಇರುವ ಸರ್ಕಾರಿ ನೌಕರ ಗದ್ದಲ ಕಡಿಮೆ ಇರುವ ಕಡೆ ಮೇಜು ಹಾಕಿಸಿಕೊಡಿ ಅಂತ ಕಾನೂನಿನ ಬಲದಿಂದಲೇ ಕೇಳಬಹುದು. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿಲ್ಲ. ಅದೊಂದೇ ಇರುವವರು ಸಾಹೇಬರ ಮೂಡು ನೋಡಿಕೊಂಡೇ ಕೇಳಬೇಕು.